ಎಂಟು ಚುಕ್ಕಿ ಮೂರು

ಅಂಕಿಯ ಮುಂದೆ ಚುಕ್ಕಿ ಇಡಬೇಕೇ, ಅರ್ಧ ಆವರಣ ಇಡಬೇಕೇ ಎಂಬುದು ಇತ್ಯರ್ಥವಾಗದ ಹೊರತು ಯಾವ ಆಡಳಿತವೂ ನೆಟ್ಟಗೆ ನಡೆಯಲಾರದು ಎಂಬುದು ದೀಪಶ್ರೀಯ ದೃಢವಾದ ಅಭಿಪ್ರಾಯವಾಗಿತ್ತು. ಕೌದಳ್ಳಿಯಿಂದ ಒಳಕ್ಕೆ ತಿರುಗುವ ಡಾಂಬರು ರಸ್ತೆ ಎಲ್ಲಿ ಮಣ್ಣಿನ ರಸ್ತೆಯಾಗುತ್ತದೋ ಅಲ್ಲಿರುವ ಗ್ರಾಮ ಪಂಚಾಯಿತಿಯಲ್ಲಿ ಅವಳು ಏಳು ವರ್ಷಗಳಿಂದ ಕಂಪ್ಯೂಟರ್ ಆಪರೇಟರಾಗಿದ್ದಳು. ಈ ಏಳು ವರ್ಷಗಳಲ್ಲಿ ಯಾರೂ ಅವಳನ್ನು ಆ ಅಭಿಪ್ರಾಯ ಕೇಳಿರಲಿಲ್ಲ. ಕೇಳಿದ ದಿನಕ್ಕೆ ಇರಲೆಂದು ಅವಳೇ ಅದನ್ನು ಸಿದ್ಧವಾಗಿಟ್ಟುಕೊಂಡಿದ್ದಳು. ಅವಳು ಚುಕ್ಕಿಯ ಪಕ್ಷ. ಅರ್ಧ ಆವರಣವೆಂದರೆ ಒಂದೇ ಕಿವಿಗೆ ಓಲೆ ಹಾಕಿಕೊಂಡ ಹಾಗೆ. ಚುಕ್ಕಿ ಹಾಗಲ್ಲ, ಅಂಕಿ ಇಲ್ಲಿಗೆ ನಿಂತಿತು, ಇನ್ನು ಹೆಸರು ಶುರುವಾಗಬಹುದು ಎಂದು ಅಪ್ಪಣೆ ಕೊಡುತ್ತದೆ. ಎಲ್ಲೆಲ್ಲಿಂದಲೋ ಬರುವ ಪತ್ರಗಳಲ್ಲಿ ಒಂದನೆಯ ಅಂಶಕ್ಕೆ ಚುಕ್ಕಿ, ಎರಡನೆಯದಕ್ಕೆ ಆವರಣ, ಮೂರನೆಯದಕ್ಕೆ ಎರಡೂ, ಐದು ಬರುವುದು ಎರಡು ಸಲ. ಅಂಥವನ್ನು ಓದುವಾಗ ಅವಳ ತುಟಿಯ ಒಂದು ಮೂಲೆ ತಾನಾಗಿ ಕೆಳಗಿಳಿಯುತ್ತಿತ್ತು. ಅಂಕಿಯನ್ನು ಬೆರಳಿನಿಂದ ಒತ್ತಿ, ಸ್ಪೇಸ್ ಬಾರಿನಿಂದ ದೂಡಿ ದೂಡಿ ಸಾಲು ಮಾಡುವವರನ್ನು ಕಂಡರಂತೂ ಎಂಜಲು ಕೈಯಲ್ಲಿ ಬಡಿಸುವವರನ್ನು ಕಂಡಂತಾಗುತ್ತಿತ್ತು. ಕೊಳ್ಳೇಗಾಲದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿದ್ದ ಇನ್‌ಸ್ಟಿಟ್ಯೂಟಿನಲ್ಲಿ, ಟೈಪ್‌ರೈಟರುಗಳನ್ನು ಮಾರಿ ಮೂರು ಕಂಪ್ಯೂಟರು ತಂದಿದ್ದ ಮಹಾಲಕ್ಷ್ಮಮ್ಮ ಮೇಡಂ ಸ್ಕೇಲಿನಿಂದ ಮೇಜು ತಟ್ಟಿ ಹೇಳುತ್ತಿದ್ದರು: ಅಂಕಿ ನೀನು ಹಾಕಬೇಡ, ಅದು ತಾನಾಗಿ ಬೀಳಬೇಕು. ನೀನು ಹಾಕಿದರೆ ಅದು ಬರವಣಿಗೆ, ತಾನಾಗಿ ಬಿದ್ದರೆ ಅದು ಪಟ್ಟಿ. ಹನ್ನೆರಡು ಜನರ ಬ್ಯಾಚಿನಲ್ಲಿ ಈ ಮಾತು ಅರ್ಥವಾದದ್ದು ತನಗೊಬ್ಬಳಿಗೇ ಎಂದು ದೀಪಶ್ರೀ ಆ ದಿನವೇ ತಿಳಿದುಕೊಂಡಳು. ಮೂವತ್ತಮೂರನೆಯ ವಯಸ್ಸಿನಲ್ಲೂ ಅದನ್ನು ಬದಲಾಯಿಸುವಂಥ ಕಾರಣ ಒದಗಿರಲಿಲ್ಲ.

ಬುಧವಾರ ಬೆಳಿಗ್ಗೆ ಹನೂರಿನ ಬಸ್ಸಿಳಿದು, ಆಟೋದಲ್ಲಿ ಎಂಟು ಜನರ ನಡುವೆ ಕೂತು ಬಂದು, ಬೀಗ ತೆಗೆಯುವ ಮೊದಲು ಅವಳು ನೋಟಿಸ್ ಬೋರ್ಡಿನ ಮುಂದೆ ಒಂದು ನಿಮಿಷ ನಿಂತಳು. ಸೋಮವಾರ ಅಂಟಿಸಿದ ಮನೆ ಪಟ್ಟಿ ಗಾಜಿನ ಹಿಂದೆ ನೆಟ್ಟಗಿತ್ತು. ಅಂಕಿಗಳೆಲ್ಲ ಕನ್ನಡದವು. ನುಡಿ ಫಾಂಟುಗಳಲ್ಲಿ, ಫಾಂಟಿನ ಹೆಸರಿನ ಕೊನೆಗೆ ‘ಇ’ ಇರುವುದನ್ನು ಆರಿಸಿದರೆ ಅಂಕಿ ಇಂಗ್ಲಿಷಿನಲ್ಲಿ ಬೀಳುತ್ತದೆ, ‘ಕೆ’ ಇರುವುದನ್ನು ಆರಿಸಿದರೆ ಕನ್ನಡದಲ್ಲಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರಿಗೂ ಅದನ್ನು ಅಂಕಿಯೊಂದಕ್ಕೇ ಬೇರೆಯಾಗಿ ಹಚ್ಚಬಹುದೆಂದು ಗೊತ್ತಿಲ್ಲ. ಪ್ರತಿ ಹೆಸರಿನ ಕೆಳಗೂ ಒಂದು ಹೆಜ್ಜೆ ಒಳಗೆ ಸರಿದು ಚಿಕ್ಕ ಅಂಕಿಗಳು: ೨.೧ ತಂದೆ ಅಥವಾ ಗಂಡನ ಹೆಸರು, ೨.೨ ಈಗಿನ ವಾಸ. ಎರಡಂಕಿಯ ಸಂಖ್ಯೆ ಬಂದಾಗ ಹೆಸರುಗಳು ಬಲಕ್ಕೆ ಜರುಗಬಾರದೆಂದು ಅಂಕಿಗಳನ್ನು ಬಲಗಡೆಗೆ ಒತ್ತಿ ನಿಲ್ಲಿಸಿದ್ದಳು. ಚುಕ್ಕಿಗಳೆಲ್ಲ ಒಂದರ ಕೆಳಗೊಂದು, ಗಾರೆಯವನು ತೂಗುಗುಂಡು ಬಿಟ್ಟು ನೋಡಿದಂತೆ. ಇದನ್ನು ಯಾರೂ ಗಮನಿಸಿರಲಿಲ್ಲ. ವಾಟರ್‌ಮನ್ ನಟರಾಜು ಒಬ್ಬ ಗಮನಿಸಿ, “ಲಗ್ನಪತ್ರಿಕೆ ಇದ್ದಂಗದ ಮೇಡಂ” ಎಂದಿದ್ದ. ಹೊಗಳಿಕೆಯೋ ಗೇಲಿಯೋ ತಿಳಿಯದೆ ಅವಳು ಅದನ್ನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು. ಈ ಕಟ್ಟಡದಲ್ಲಿ ಆರಿಸಿಕೊಳ್ಳುವಷ್ಟು ಹೊಗಳಿಕೆ ಯಾವತ್ತೂ ಇರಲಿಲ್ಲ. ಪ್ರತಿ ಮಾರ್ಚಿನಲ್ಲಿ ಅವಳ ಕಾಂಟ್ರಾಕ್ಟು ಮುಂದುವರಿಸುವ ವಿಷಯ ಸಭೆಗೆ ಬರುವಾಗ ಅವಳು ಆಚೆ ಹೋಗಿ ನಿಲ್ಲಬೇಕು. ಒಳಗೆ ಸದಸ್ಯರು ಒಪ್ಪಿಗೆ ಕೊಡುವುದನ್ನು ಗೋಡೆಯ ಮೂಲಕ ಕೇಳಿಸಿಕೊಂಡು, ಆಮೇಲೆ ಒಳಗೆ ಬಂದು ಆ ಒಪ್ಪಿಗೆಯನ್ನು ತಾನೇ ಟೈಪ್ ಮಾಡಬೇಕು. ಅದಕ್ಕೂ ಚುಕ್ಕಿ ಇಟ್ಟೇ ಅಂಕಿ ಹಾಕುತ್ತಿದ್ದಳು.

ಹತ್ತೂಕಾಲಿಗೆ ಚಿಕ್ಕನಿಂಗಮ್ಮ ಬಂದಳು. ಮೇಲಿನ ಬೀದಿಯ ಕೊನೆಯಲ್ಲಿ, ಸೋಗೆ ಹೊದಿಸಿದ ಗುಡಿಸಲಿನಲ್ಲಿ ಒಬ್ಬಳೇ ಇರುವ ಮುದುಕಿ. ಕಳೆ ಕೀಳಲು ಕರೆದರೆ ಈಗಲೂ ಹೋಗುತ್ತಾಳೆ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ನನ್ನಂಬರ ಯಾರೋ ತಕಂಡವ್ರ ಕಣ್ ಕೂಸೇ.”

ಬಾಗಿಲ ಬಳಿ ವಾಲ್ವ್ ತಿರುಗಿಸುವ ಕಬ್ಬಿಣದ ಚಾವಿ ಒರೆಸುತ್ತಿದ್ದ ನಟರಾಜು ತಲೆ ಎತ್ತಿದ. “ನಂಬರ್ ತಕಂಡೋಗಕ ಅದೇನ್ ಕೋಳಿನಾ ಅಜ್ಜಿ?”

“ನೀ ಸುಮ್ನಿರ್ಲಾ. ನೀರ್ ಬುಡು ಅಂತ ಮೂರ್ ದಿನದಿಂದ ಬಡ್ಕತಾವ್ನಿ, ಬುಡ್ನಿಲ್ಲ. ಇಲ್ಲಿ ಕುಂತ್ಕಂಡು ಮಾತ್ ಬುಡ್ತಾನ.” ಮುದುಕಿ ದೀಪಶ್ರೀಯ ಕಡೆ ತಿರುಗಿದಳು. “ನಂದು ಇಪ್ಪತ್ತೊಂದು. ಬಾಗ್ಲ ಮ್ಯಾಲದ, ಬಂದು ನೋಡು. ಒಂದು ಕುಡ್ಲು, ಕುಡ್ಲ ಪಕ್ಕ ಬಾಯ್ ತೆರ್ಕಂಡಿರ ಬಳೆ. ಇಲ್ಲಿ ನೋಡುದ್ರ ನನ್ನೆಸ್ರ ಮುಂದ ಬಳೆ ಬಾಯ್ ಮುಚ್ಕಂಡದ. ಪಕ್ಕದ್ಮನ ಕೂಸು ಭವ್ಯ ಬೆಟ್ಟು ಮಾಡಿ ತೋರುಸ್ತು, ಇದೇ ನಿನ್ನೆಸ್ರು ಅಂತ.”

“ಮೇಲಕ್ಕೋಗಿದ್ದೀಯ ಅಂದ್ರ ಒಳ್ಳೇದಲ್ವಾ? ಬಸ್ಸಲ್ಲಿ ಸೀಟ್ ಬುಟ್ಟುಕೊಟ್ರೂ ಜಗಳ ತಗೀತಾಳಲ್ಲಪ್ಪ” ಎಂದ ನಟರಾಜು.

ಓದು ಬಾರದ ಹೆಂಗಸು ೨೧ಕ್ಕೂ ೨೦ಕ್ಕೂ ಇರುವ ವ್ಯತ್ಯಾಸವನ್ನು ಗಾಜಿನಾಚೆಯಿಂದ ಹಿಡಿದಳಲ್ಲ ಎಂದು ದೀಪಶ್ರೀಗೆ ಮೊದಲು ಆದದ್ದು ಸಂತೋಷ. ಇಂಗ್ಲಿಷ್ ಅಂಕಿ ಹಾಕಿದ್ದರೆ ಅಜ್ಜಿಗೆ ಎರಡೂ ಒಂದೇ ಆಗುತ್ತಿತ್ತು. ಚೀಟಿಗಳನ್ನೂ ಅವಳೇ ಕನ್ನಡ ಅಂಕಿಯಲ್ಲಿ ಮುದ್ರಿಸಿ ಕತ್ತರಿಸಿದ್ದಳು. ಅರ್ಹರು ಇಪ್ಪತ್ತನಾಲ್ಕು ಕುಟುಂಬ, ಸರ್ಕಾರದಿಂದ ಬಂದಿರುವುದು ಇಪ್ಪತ್ತು ಮನೆ, ಯಾರನ್ನು ಬಿಡುವುದೆಂದು ಗ್ರಾಮಸಭೆ ಎರಡು ಸಲ ಮುರಿದುಬಿದ್ದ ಮೇಲೆ, ಸದಸ್ಯ ಪುಟ್ಟಬಸಪ್ಪನವರ ಮನೆಯ ರಾಗಿ ಅಳೆಯುವ ಕೊಳಗದಲ್ಲಿ ಚೀಟಿ ಹಾಕಿ ಅವರವರ ಕೈಯಿಂದಲೇ ಎತ್ತಿಸಿದ್ದರು. ಮೊದಲ ಇಪ್ಪತ್ತಕ್ಕೆ ಈ ವರ್ಷ ಮನೆ, ಉಳಿದ ನಾಲ್ಕು ಮತ್ತೆ ಬಂದಾಗ ನೋಡೋಣ. ಸಂಜೆಯೊಳಗೆ ಊರಿನ ಇಪ್ಪತ್ತನಾಲ್ಕು ಬಾಗಿಲುಗಳ ಮೇಲೆ ಸುಣ್ಣದಲ್ಲಿ ಅಂಕಿ ಬಿದ್ದಿತ್ತು. ಯಾರೂ ಹೇಳಿರಲಿಲ್ಲ. ಚೀಟಿ ಕಳೆದುಹೋದೀತು, ಬಾಗಿಲು ಕಳೆಯುವುದಿಲ್ಲ ಎಂದು ಯಾರೋ ಒಬ್ಬರು ಶುರು ಮಾಡಿದ್ದು. ಮಾರನೆಯ ದಿನದಿಂದ ಜನ ಒಬ್ಬರನ್ನೊಬ್ಬರು ಹದಿನಾಲ್ಕು, ಹದಿನೆಂಟು ಎಂದೇ ಕರೆಯತೊಡಗಿದ್ದರು.

ಸಂತೋಷದ ಬೆನ್ನಿಗೇ ಅವಮಾನ ಬಂತು. “ನನ್ನ ಲಿಸ್ಟು ತಪ್ಪಾಗಲ್ಲ ಅಜ್ಜಿ” ಎಂದಳು. “ಅಂಕಿ ನಾನು ಹಾಕೋದಿಲ್ಲ. ಅದು ತಾನಾಗೇ ಬೀಳ್ತದೆ.”

“ತಾನಾಗೇ ಬೀಳದು ತಾನಾಗೇ ಎದ್ದೂ ಓಯ್ತದ ಕಣ್ ಮಗ. ವಸಿ ನೋಡು.”

ನಟರಾಜು ನಕ್ಕ. ದೀಪಶ್ರೀ ನಗಲಿಲ್ಲ. ಬೀರುವಿನಿಂದ ನಡಾವಳಿ ಪುಸ್ತಕ ತೆಗೆದಳು. ಚೀಟಿ ಎತ್ತಿದ ದಿನದ ಪುಟದಲ್ಲಿ ಇಪ್ಪತ್ತನಾಲ್ಕು ಹೆಬ್ಬೆಟ್ಟು ಮತ್ತು ಸಹಿಗಳು, ಪ್ರತಿಯೊಂದರ ಮುಂದೆ ಅಂಕಿ. ಇಪ್ಪತ್ತೊಂದರ ಮುಂದೆ ಚಿಕ್ಕನಿಂಗಮ್ಮನ ಹೆಬ್ಬೆಟ್ಟು, ಶಾಯಿ ಜಾಸ್ತಿಯಾಗಿ ಗೆರೆಗಳೇ ಮುಚ್ಚಿಹೋದದ್ದು. ಕಂಪ್ಯೂಟರಿನಲ್ಲಿ ಕಡತ ತೆರೆದು ಕೊನೆಗೆ ಹೋದಳು. ಅಲ್ಲಿ ೨೩ ಇತ್ತು. ಎರಡು ಸಲ ನೋಡಿದಳು. ಮೇಲಕ್ಕೆ ಬರುತ್ತ, ಪುಸ್ತಕದ ಮೇಲೆ ಎಡಗೈ ಬೆರಳು, ಮೌಸಿನ ಮೇಲೆ ಬಲಗೈ, ಹದಿನೆಂಟು ಹದಿನೇಳಾಗಿದೆ, ಹದಿನಾಲ್ಕು ಹದಿಮೂರಾಗಿದೆ, ಹತ್ತು ಒಂಬತ್ತಾಗಿದೆ. ಇವರಲ್ಲಿ ಒಬ್ಬರೂ ಬಂದು ಕೇಳಿರಲಿಲ್ಲ. ಹತ್ತನೆಯವನನ್ನು ಒಂಬತ್ತು ಮಾಡಿದರೆ ಯಾರು ತಕರಾರು ತೆಗೆಯುತ್ತಾರೆ? ಆಮೇಲೆ ಎಂಟು: ಮಹದೇವು. ೮.೧ ಅವನ ತಂದೆ. ೮.೨ ಅವನ ವಾಸ. ೮.೩ ಪುಟ್ಟಮಾದಯ್ಯ.

ಕಾರಣವನ್ನು ಅವಳು ಹುಡುಕಬೇಕಾಗಲಿಲ್ಲ. ಹೋದ ಶುಕ್ರವಾರ, ಇದೇ ಕುರ್ಚಿಯ ಹಿಂದೆ, ಪುಟ್ಟಬಸಪ್ಪನವರು ಪಂಚೆಯ ಚುಂಗು ಹಿಡಿದು ನಿಂತಿದ್ದರು. “ದೀಪಶ್ರಮ್ಮ, ಒಂದು ಅಂತ ಸುರು ಮಾಡ್ಬ್ಯಾಡ ಕಣವ್ವ. ನಮ್ಮಪ್ಪ ಕಣದಲ್ಲಿ ರಾಗಿ ಅಳೆವಾಗ ಒಂದ್ ದಿನಾನೂ ಒಂದು ಅಂದವ್ನಲ್ಲ. ಲಾಭ, ಎರಡು, ಮೂರು ಅಂತಲೇ. ಮೊನ್ನ ಕೊಳಗದಲ್ಲಿ ಚೀಟಿ ಎತ್ತುಸ್ದಾಗ್ಲೂ ಅಂಗೇ ಕೂಗಿದ್ದು. ಮೊದಲ್ನೇದು ಲಾಭ ಅಂತ ಆಕು. ಬತ್ತದಾ ನಿನ್ನ ಮಿಸಿನ್ಗ?” ಆ ‘ಬತ್ತದಾ’ ಅವಳನ್ನು ಕೆಣಕಿತು. ಬರುವುದಿಲ್ಲ ಎನ್ನಬಹುದಾಗಿತ್ತು, ಯಾವ ಆಪರೇಟರಾದರೂ ಹಾಗೇ ಅನ್ನುತ್ತಿದ್ದ. ಅವಳು ಹೊಸ ನಂಬರ್ ಫಾರ್ಮ್ಯಾಟ್ ತೆರೆದು, ಮೊದಲನೆಯ ಹೆಸರಾದ ಮಾದೇಶನ ಮುಂದೆ ಅಂಕಿ ಅಳಿಸಿ ಲಾಭ ಎಂದು ಕೂರಿಸಿ, ಅವನ ಕೆಳಗಿನಿಂದ ಪಟ್ಟಿಯನ್ನು ಮುರಿದು, ಎರಡರಿಂದ ಶುರುವಾಗು ಎಂದು ಹೇಳಿದಳು. ಅದು ಎರಡರಿಂದ ಶುರುವಾಯಿತು. ಅರವತ್ತೆಂಟರ ಪುಟ್ಟಬಸಪ್ಪ, ನಾಲ್ಕು ಸಲ ಸದಸ್ಯರಾಗಿದ್ದವರು, ಜಾತ್ರೆಯಲ್ಲಿ ಹಾವಾಡಿಗನನ್ನು ನೋಡುವವರ ಹಾಗೆ ಬಗ್ಗಿ ನೋಡಿದರು. “ಬಂದ್ಬುಡ್ತಲ್ಲವ್ವ!” ಎಂದರು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಏಳು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವಳ ಪರದೆಯನ್ನು ಬಾಯಿ ತೆರೆದು ನೋಡಿದ್ದ. “ಇನ್ನೂ ಒಂದು ನೋಡಿ ಸಾರ್” ಎಂದಳು. ಕರ್ಸರ್ ಆಗ ಒಂಬತ್ತರ ಮುಂದೆ ಮಿಟುಕುತ್ತಿತ್ತು, ಬೇರೆ ಯಾವ ಕಾರಣವೂ ಇಲ್ಲ. “ಟ್ಯಾಬ್ ಒತ್ತಿದರೆ ಹೆಸರು ಮೇಲಿನದರ ಒಳಗೆ ಹೋಗ್ತದೆ. ಶಿಫ್ಟ್ ಹಿಡಿದು ಒತ್ತಿದರೆ ಆಚೆ ಬರ್ತದೆ.” ಒತ್ತಿದಳು. ಒಂಬತ್ತು ಮಾಯವಾಗಿ, ಪುಟ್ಟಮಾದಯ್ಯ ಬಲಕ್ಕೆ ಒಂದು ಹೆಜ್ಜೆ ಸರಿದು, ತನ್ನ ತಂದೆಯ ಹೆಸರನ್ನೂ ವಾಸವನ್ನೂ ಹಿಂದೆ ಕರೆದುಕೊಂಡು, ಎಂಟು ಚುಕ್ಕಿ ಮೂರಾಗಿ ಮಹದೇವುವಿನ ಕೆಳಗೆ ಕೂತ. ಪುಟ್ಟಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲೇ ಅವ್ನಲ್ಲವ್ವ ಅಂವ, ಬಾಮೈದನ್ ಕೊಟ್ಗೇಲಿ! ನಿನ್ನ ಮಿಸಿನ್ಗೂ ಗೊತ್ತಾಗೋಯ್ತಲ್ಲ!” ದೀಪಶ್ರೀಯೂ ನಕ್ಕಳು. ಅವರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ ನಕ್ಕಳು, ಅದು ಈಗ ನೆನಪಾಗುತ್ತಿದೆ. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು, ನಟರಾಜು ಆಚೆಯಿಂದ ಸೇವ್ ಮಾಡ್ಕಳಿ ಮೇಡಂ ಎಂದ, ಅವಳು ಸೇವ್ ಮಾಡಿ ಮುಚ್ಚಿದಳು. ಶಿಫ್ಟ್ ಹಿಡಿದು ಒತ್ತುವುದು ಉಳಿದುಹೋಯಿತು. ಸೋಮವಾರ ಮುದ್ರಿಸುವಾಗ ಚುಕ್ಕಿಗಳು ಒಂದರ ಕೆಳಗೊಂದು ನಿಂತಿವೆಯೇ ಎಂದು ಮಾತ್ರ ನೋಡಿದಳು. ನಿಂತಿದ್ದವು.

ಈಗ ಕರ್ಸರನ್ನು ಆ ಹೆಸರಿನ ಮುಂದಿಟ್ಟು ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದಳು. ಪುಟ್ಟಮಾದಯ್ಯ ಆಚೆ ಬಂದ. ಅವನ ಹಿಂದೆ ಹದಿನೈದು ಜನ ಒಂದೊಂದು ಮೆಟ್ಟಿಲು ಕೆಳಗಿಳಿದರು, ಸದ್ದಿಲ್ಲದೆ. ಇಪ್ಪತ್ತರ ಮುಚ್ಚಿದ ಬಳೆ ತೆರೆಯಿತು. ಮತ್ತೆ ಟ್ಯಾಬ್ ಒತ್ತಿದಳು, ಮುಚ್ಚಿತು. ಪುಸ್ತಕದಲ್ಲಿ ಒಂದು ಹೆಸರು ಹೊಡೆದರೆ ಗೆರೆ ಉಳಿಯುತ್ತದೆ, ಆ ಗೆರೆಗೆ ಸಹಿ ಬೇಕಾಗುತ್ತದೆ, ಸಹಿ ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ. ಇಲ್ಲಿ ಕೆರೆಗೆ ಕಲ್ಲು ಹಾಕಿದ ಹಾಗೆ, ನೀರು ಕೂಡಿಕೊಳ್ಳುತ್ತದೆ. ತಾನು ಇಷ್ಟು ವರ್ಷ ಹೆಮ್ಮೆಪಟ್ಟದ್ದು ಇದೇ ಗುಣಕ್ಕೆ ಎಂದು ಅವಳಿಗೆ ಹೊಳೆಯಿತು. ಹೊಳೆದ ಮೇಲೂ ಆ ಹೆಮ್ಮೆ ಪೂರ್ತಿ ಹೋಗಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿದ್ದು. ಸುಮ್ಮನಿದ್ದರೆ ಏನಾಗುತ್ತದೆ? ಎದುರಿಗೆ ನಿಂತಿರುವ ಮುದುಕಿಗೆ ಮನೆ ಸಿಗುತ್ತದೆ. ಪುಟ್ಟಮಾದಯ್ಯ ಇದ್ದಲ್ಲೇ ಇರುತ್ತಾನೆ. ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ. ಕಣ್ಣಿಗೆ ಬಿದ್ದ ಒಬ್ಬಳಿಗೂ ಅದರಿಂದ ಲುಕ್ಸಾನಿಲ್ಲ.

“ಅಜ್ಜಿ,” ಎಂದಳು, ದನಿ ತಗ್ಗಿಸಿ. “ಇಪ್ಪತ್ತೇ ಮನೆ ಬಂದಿರೋದು. ಗೊತ್ತಲ್ವಾ ನಿಮಗೆ?”

“ಗೊತ್ತಿಲ್ದೆ ಏನ್ ಕೂಸೇ, ಮೈಕ್ಲಿ ಕೂಗಿದ್ರಲ್ಲ.”

“ಇಪ್ಪತ್ತೊಂದು ಅಂದ್ರೆ ಈ ಸಲ ಇಲ್ಲ.”

“ಇಲ್ಲ.”

“ಇಪ್ಪತ್ತು ಅಂದ್ರೆ ಉಂಟು.”

ಚಿಕ್ಕನಿಂಗಮ್ಮ ಅವಳನ್ನು, ಬುದ್ಧಿ ಕಡಿಮೆ ಇರುವ ಮನೆಮಗಳನ್ನು ನೋಡುವಂತೆ ನೋಡಿದಳು. “ಇಪ್ಪತ್ತು ಆ ಕೆಳಗಲ ಬೀದಿಯವ್ರುದು. ಅವ್ರ ಬಾಗ್ಲ ಮ್ಯಾಲದ. ನಾ ಅಲ್ಲೋಗಿ ಕುಂತ್ಕಂಡ್ರ ನಾಳ ನೀರ್ ಕೊಳಾಯ್ತಾವ ಯಾವ ಮಕ ಇಟ್ಕಂಡು ನಿಂತ್ಕಳ್ಳಿ? ಕೊಳಗುಕ್ಕ ಕೈ ಆಕುದ್ದು ನಾನೇ ಕಣ್ ಕೂಸೇ, ಯಾರೂ ನನ್ ಕೈ ಇಡ್ಕಂಡು ಆಕುಸ್ನಿಲ್ಲ. ನನ್ ಕೈಗ ಬಂದದ್ದು ಅದು. ನಂಗ ಅದ ಕೊಡು.”

ಆಮೇಲೆ ಬೆಂಚಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. ಸಂಗತಿ ಮುಗಿಯುವ ತನಕ ಏಳುವ ಹಾಗೆ ಕಾಣಲಿಲ್ಲ.

ದೀಪಶ್ರೀ ಎದ್ದು, ನಟರಾಜುವಿಗೆ ಬರ್ತೀನಿ ಎಂದಷ್ಟೇ ಹೇಳಿ, ನೀರಿನ ಟ್ಯಾಂಕಿನ ಹಿಂದಿನ ಓಣಿಗೆ ನಡೆದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೆ ಸ್ಪಷ್ಟವಿರಲಿಲ್ಲ. ಕ್ಷಮೆ ಕೇಳಲು ಎಂದುಕೊಂಡರೆ ಕಾಲು ನಿಧಾನವಾಯಿತು. ವಿಚಾರಣೆಗೆ ಎಂದುಕೊಂಡಾಗ ಮತ್ತೆ ಚುರುಕಾಯಿತು. ಬಿಸಿಲಿಗೆ ಹರಡಿದ ಜೋಳದ ತೆನೆಗಳನ್ನು ದಾಟುವಾಗ ಯಾರೋ ಹೆಂಗಸು, “ಎಲ್ಗ ಕಂಪ್ಯೂಟರ್ ಕೂಸು ಇತ್ತಗ?” ಎಂದು ಕೇಳಿದಳು. ಮದುವೆಯಾಗಿ ಹತ್ತು ವರ್ಷವಾದ ಮೇಲೂ ಈ ಊರಿಗೆ ತಾನು ಕೂಸು. ಗಂಡನ ಮನೆಯಲ್ಲೂ ಅಷ್ಟೇ, ಅತ್ತಿಗೆ ಬಂದವರಿಗೆಲ್ಲ ನಮ್ ದೀಪ ಟೈಪ್ ಮಾಡ್ತಾಳೆ ಎಂದು ಹೇಳುವುದು, ಹಪ್ಪಳ ಒತ್ತುತ್ತಾಳೆ ಎನ್ನುವ ದನಿಯಲ್ಲೇ. ಯಾವ ಯಾದಿಯಲ್ಲೂ ತನ್ನ ಹೆಸರಿನ ಮುಂದೆ ಪೂರ್ಣ ಅಂಕಿ ಬಿದ್ದದ್ದು ಯಾವಾಗ? ರೇಷನ್ ಕಾರ್ಡಿನಲ್ಲಿ ಮಾವ, ಅತ್ತೆ, ಭಾವ, ಅತ್ತಿಗೆ, ಗಂಡ, ಆಮೇಲೆ ಅವಳು. ಯೋಚನೆ ತನ್ನ ಕಡೆಗೇ ತಿರುಗುತ್ತಿದೆ ಎಂದು ಗೊತ್ತಾಗಿ ನಾಚಿಕೆಯಾಯಿತು.

ಮಹದೇವುವಿನ ಮನೆಯ ಮುಂಬಾಗಿಲ ಮೇಲೆ ದಪ್ಪಗೆ ೮ ಇತ್ತು. ಪಕ್ಕದ ಕೊಟ್ಟಿಗೆಗೆ ಬಾಗಿಲಿರಲಿಲ್ಲ. ಹಸುಗಳಿಗೂ ಮನುಷ್ಯರಿಗೂ ನಡುವೆ ತಡಿಕೆ ಕಟ್ಟಿ ಆಚೆ ಅರ್ಧದಲ್ಲಿ ಪುಟ್ಟಮಾದಯ್ಯನ ಸಂಸಾರ. ಕೊಟ್ಟಿಗೆಯ ಕಂಬದ ಮೇಲೆ ಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದ ಬಿಳಿ ಮಸುಕು. ಅವನು ಕಳ್ಳಿಯ ನೆರಳಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಐವತ್ತು ದಾಟಿದವನು ಎದ್ದು ನಿಂತದ್ದು ಅವಳಿಗೆ ಇನ್ನಷ್ಟು ಕಷ್ಟವಾಯಿತು.

“ಲಿಸ್ಟು ನೋಡಿದ್ರಾ?” ಎಂದಳು.

“ನೋಡ್ದೆ ಕಣವ್ವ. ಓದ್ಸಿ ತಿಳ್ಕಂಡಿ.”

“ನಿಮ್ಮ ನಂಬರ್ ಒಂಬತ್ತು.”

“ಊ. ಚೀಟೀಲಿ ಅಂಗೇ ಬಂದಿತ್ತು.” ಹಗ್ಗದ ತುದಿಯನ್ನು ಕಾಲ ಬೆರಳಿನಿಂದ ಬಿಡಿಸಿಕೊಂಡ. “ಇದ್ರಲ್ಲಿ ಮಾದೇವನ್ ಒಳಗ ಬರ್ದವ್ರ ಅಂದ್ರು. ಸರ್ಯಾಗೇ ಬರ್ದವ್ರ ಅನ್ಕಂಡಿ. ಆಪೀಸ್ನೋರು ಬಂದು ನೋಡುದ್ರಲ್ಲ, ನಾವಿರದು ಇಲ್ಲೇಯ ಅಂತ ಗೊತ್ತದ ಅವ್ರ್ಗ. ನಮ್ಮವಳು ಒಂದೀಟು ಗಲಾಟೆ ಮಾಡುದ್ಲು, ಆಮೇಲ ಅವಳೇ ಒರ್ಸುದ್ಲು.” ಕಂಬದ ಕಡೆ ನೋಡಲಿಲ್ಲ. “ಬಾಮೈದ ಒಳ್ಳೇವ್ನು ಕಣವ್ವ. ಹತ್ತೊಂಬತ್ತು ವರ್ಸ ಆಯ್ತು, ಒಂದಿನ ಓಗು ಅಂದಿಲ್ಲ.”

ಯಾಕೆ ಬಂದು ಕೇಳಲಿಲ್ಲ ಎಂದು ಅವನ ಮೇಲೆ ರೇಗಬೇಕೆನಿಸಿತು. ನಾಲ್ಕು ಜನರೆದುರು ತನ್ನ ಕೈಯಾರೆ ಎತ್ತಿದ ಚೀಟಿಗಿಂತ ಅಚ್ಚಾದ ಹಾಳೆಯನ್ನು ಈ ಮನುಷ್ಯ ಹೆಚ್ಚು ನಂಬಿದ್ದ. ಅಚ್ಚು ಅಷ್ಟು ಚೆನ್ನಾಗಿ ಬಂದಿತ್ತು. ತಪ್ಪೆಂದು ಅನುಮಾನ ಬಾರದ ಹಾಗೆ ಒಳಗೆ ಸರಿದು, ಚುಕ್ಕಿಯ ಕೆಳಗೆ ಚುಕ್ಕಿ. ಸ್ಪೇಸ್ ಬಾರಿನಿಂದ ದೂಡಿದ ಕೊಳಕು ಪಟ್ಟಿಯಾಗಿದ್ದರೆ ಇವನು ಜಗಳಕ್ಕೆ ಬರುತ್ತಿದ್ದನೇನೋ. “ಸರಿಯಾಗಿ ಬರೆದಿಲ್ಲ” ಎಂದಳು. ಇನ್ನೇನೋ ಹೇಳಬೇಕಿತ್ತು; ನಕ್ಕಿದ್ದನ್ನು ಹೇಳಬೇಕಿತ್ತು. “ಆ ಕಂಬಕ್ಕೆ ಮತ್ತೆ ಸುಣ್ಣ ಬಳೀರಿ” ಎಂದು ಹೇಳಿ ತಿರುಗಿದಳು. ತನ್ನ ದನಿ ಆಜ್ಞೆಯಂತೆ ಕೇಳಿಸಿತು. ಅವನು ಹೂಂ ಎಂದ, ಆಜ್ಞೆಗಳಿಗೆ ಅಭ್ಯಾಸವಿದ್ದವನಂತೆ.

ಪಿಡಿಒ ಶಾಂತಮೂರ್ತಿ ಹನ್ನೆರಡೂವರೆಗೆ ಬೈಕಿನಲ್ಲಿ ಬಂದರು. ಯಳಂದೂರಿನವರು, ಜಗಳವಾಗದಂತೆ ದಿನ ಮುಗಿಸುವುದನ್ನು ಒಂದು ವಿದ್ಯೆಯಾಗಿ ಸಾಧಿಸಿಕೊಂಡಿದ್ದರು. ಹೆಲ್ಮೆಟ್ ಮೇಜಿನ ಮೇಲಿಡುವ ಮೊದಲೇ ದೀಪಶ್ರೀ ಹಾಳೆಯೊಂದನ್ನು ಮುಂದಿಟ್ಟಳು. ಪಟ್ಟಿಯ ಪ್ರತಿ ಹೋಗಿದ್ದ ಹನೂರಿನ ಕಚೇರಿಗೆ ತಿದ್ದುಪಡಿ ಪತ್ರ. ಒಂದನೆಯ ಅಂಶ, ಪಟ್ಟಿಯ ಕ್ರಮಸಂಖ್ಯೆ ಒಂಬತ್ತರ ಫಲಾನುಭವಿ ಎಂಟರ ಉಪ ಅಂಶವಾಗಿ ಮುದ್ರಿತವಾಗಿರುವುದು. ಎರಡನೆಯದು, ಅದರ ಪರಿಣಾಮ, ಅದರೊಳಗೆ ೨.೧ ಒಂದು ಸಂಖ್ಯೆ ಮೇಲೆ ಸರಿದ ಹದಿನೈದು ಕುಟುಂಬಗಳು, ೨.೨ ಅರ್ಹತೆಯ ಮಿತಿಯೊಳಗೆ ತಪ್ಪಾಗಿ ಬಂದ ಒಂದು ಕುಟುಂಬ. ಮೂರನೆಯದು, ಕಾರಣ: ಆಪರೇಟರು ಸದಸ್ಯರೊಬ್ಬರಿಗೆ ಪಟ್ಟಿ ರಚನೆಯ ವಿಧಾನವನ್ನು ತೋರಿಸುವಾಗ ಮಾಡಿದ ಬದಲಾವಣೆಯನ್ನು ಹಿಂತೆಗೆದುಕೊಳ್ಳದೆ ಉಳಿಸಿರುವುದು.

ಶಾಂತಮೂರ್ತಿ ಮೂರನೆಯದನ್ನು ಎರಡು ಸಲ ಓದಿದರು. “ಇದು ಬೇಕೇನಮ್ಮ?”

“ಬೇಕು ಸಾರ್.”

“ಸಿಸ್ಟಂ ಎರರ್ ಅಂತ ಹಾಕಿ. ಅದನ್ನ ಭೂಮಿ ಮೇಲೆ ಯಾರೂ ಪ್ರಶ್ನೆ ಮಾಡಲ್ಲ. ಕರೆಂಟ್ ಬೇರೆ ಹೋಗಿತ್ತಲ್ಲ ಅವತ್ತು.”

“ಸಿಸ್ಟಂ ಎರರ್ ಮಾಡಿಲ್ಲ ಸಾರ್.”

“ಅದು ನಮಗೆ ಗೊತ್ತು, ಅವರಿಗೇನು?”

“ನಾನು ಟ್ಯಾಬ್ ಒತ್ತಿದೆ, ಅದು ಒಳಗೆ ಹಾಕ್ತು. ಸಾವಿರ ಸಲ ಒತ್ತಿದ್ರೂ ಅಷ್ಟೇ ಮಾಡ್ತದೆ. ಅದು ಒಂದು ಸಲಾನೂ ತಪ್ಪು ಎಣಿಸಿಲ್ಲ.” ದನಿ ಸ್ವಲ್ಪ ಏರಿತು. ಬೆಂಚಿನ ಮೇಲಿನ ಚಿಕ್ಕನಿಂಗಮ್ಮ ಅಗಿಯುವುದನ್ನು ನಿಲ್ಲಿಸಿದಳು. “ಲಿಸ್ಟು ಸರಿ ಇತ್ತು ಸಾರ್. ತಪ್ಪಿದ್ದು ನಾನು.”

ತನ್ನ ಈ ಮಾತಿನಲ್ಲಿ ಪ್ರಾಮಾಣಿಕತೆ ಎಷ್ಟಿದೆ ಎಂದು ಅವಳು ಒಳಗೇ ತೂಗಿ ನೋಡಿದಳು, ಬಹಳ ಇರಲಿಲ್ಲ. ಪುಟ್ಟಮಾದಯ್ಯನ ಮುಖಕ್ಕಿಂತ ಮುಂದೆ ಮಹಾಲಕ್ಷ್ಮಮ್ಮ ಮೇಡಂ ಅವರ ಸ್ಕೇಲು ಕಾಣುತ್ತಿತ್ತು. ತಾನು ನಕ್ಕದ್ದನ್ನು ಊರೆಲ್ಲ ತಿಳಿದರೆ ಸಹಿಸಬಹುದು. ದೀಪಶ್ರೀಯ ಪಟ್ಟಿಯಲ್ಲಿ ಅಂಕಿ ತಾನಾಗಿ ತಪ್ಪಿತ್ತಂತೆ ಎಂದು ಹನೂರಿನ ಯಾವನೋ ಸ್ಪೇಸ್ ಬಾರಿನವನು ಹೇಳಿದರೆ ಸಹಿಸಲಾಗುವುದಿಲ್ಲ. ಒಳ್ಳೆಯ ಕೆಲಸಕ್ಕೆ ಇಷ್ಟು ಕೆಟ್ಟ ಕಾರಣವಿದ್ದರೆ ನಡೆಯುತ್ತದೆಯೇ? ನಡೆಯುತ್ತದೆ ಎಂದುಕೊಂಡಳು, ಅವಸರವಾಗಿ.

“ಮಾರ್ಚಿನಲ್ಲಿ ನಿಮ್ಮ ವಿಷಯ ಸಭೆಗೆ ಬರ್ತದೆ” ಎಂದರು ಶಾಂತಮೂರ್ತಿ, ಪೆನ್ನಿನ ಮುಚ್ಚಳ ತೆಗೆಯುತ್ತ. ಹೆದರಿಸುವ ದನಿಯಲ್ಲ. “ಇದರ ನಕಲು ಕಡತದಲ್ಲಿರ್ತದೆ. ಸದಸ್ಯರು ಓದ್ತಾರೆ.”

“ಓದಲಿ ಸಾರ್. ಓದೋಕೆ ಅನುಕೂಲ ಆಗ್ಲಿ ಅಂತಲೇ ಅಂಶವಾರು ಮಾಡಿದೀನಿ.”

ಬಾಗಿಲಲ್ಲಿ ನಟರಾಜು ಕೆಮ್ಮಿದ. ಶಾಂತಮೂರ್ತಿ ಅವಳನ್ನು ನೋಡಿ, ಹಾಳೆಯನ್ನು ನೋಡಿ, ಸಹಿ ಹಾಕಿದರು. “ಲಾಭ ಅಂತ ಹಾಕಿದೀರಲ್ಲ, ಅದು ಇರಲಾ?” ಎಂದು ಕೇಳಿದರು.

“ಇರಲಿ ಸಾರ್. ಅದು ಸಭೆಯಲ್ಲಿ ಕೂಗಿದ ಹಾಗೇ ಇದೆ.”

ಹೊಸ ಪಟ್ಟಿ ಮುದ್ರಿಸುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿದಳು. ಪುಟ್ಟಮಾದಯ್ಯನನ್ನು ಆಚೆ ತಂದು, ಇಡೀ ಪಟ್ಟಿಯನ್ನು ಆರಿಸಿ, ಅಂಕಿಗಳ ಕಟ್ಟು ಬಿಚ್ಚಿ, ಒಂದೊಂದನ್ನೂ ನಡಾವಳಿ ಪುಸ್ತಕ ನೋಡಿಕೊಂಡು ಕೈಯಿಂದ ಒತ್ತಿದಳು: ಎರಡು ಚುಕ್ಕಿ, ಮೂರು ಚುಕ್ಕಿ, ಅವರವರ ಹೆಬ್ಬೆಟ್ಟಿನ ಮುಂದಿರುವಂತೆ. ಇನ್ನು ಯಾರನ್ನು ಒಳಗೆ ತಳ್ಳಿದರೂ, ಅಳಿಸಿದರೂ ಅಲ್ಲೊಂದು ಕಿಂಡಿ ಉಳಿಯುತ್ತದೆ, ಹಿಂದಿನವರು ಮುಂದಕ್ಕೆ ಸರಿಯುವುದಿಲ್ಲ. ಬೆರಳು ಪ್ರತಿ ಅಂಕಿಗೂ ಒಂದು ಕ್ಷಣ ಹಿಂಜರಿಯಿತು. ಜೀವಮಾನದಲ್ಲಿ ತುಚ್ಛವಾಗಿ ಕಂಡ ಕೆಲಸ ಅದು. ಇಪ್ಪತ್ತನಾಲ್ಕನ್ನೂ ಮುಗಿಸಿ ಹಿಂದಕ್ಕೆ ಒರಗಿದಾಗ, ಚುಕ್ಕಿಗಳು ಒಂದರ ಕೆಳಗೊಂದು ಸರಿಯಾಗಿ ನಿಂತಿರುವುದನ್ನು ಕಂಡು, ಇದನ್ನು ತನ್ನಷ್ಟು ಚೆನ್ನಾಗಿ ಕೈಯಿಂದಲೂ ಯಾರೂ ಮಾಡಲಾರರು ಎನ್ನಿಸಿತು.

ಗಾಜು ತೆಗೆದು ಹೊಸ ಹಾಳೆ ಅಂಟಿಸುವಾಗ ಚಿಕ್ಕನಿಂಗಮ್ಮ ಪಕ್ಕದಲ್ಲೇ ನಿಂತಿದ್ದಳು. ಗೋಂದು ಆರುವ ಮೊದಲೇ ಕೆಳಗಿನಿಂದ ಎಣಿಸಿ, ಬೆರಳನ್ನು ಅಂಕಿಯ ಮೇಲಿಟ್ಟು, ತೆರೆದ ಬಳೆಯ ಬಾಯಿಯನ್ನು ಸವರಿದಳು.

“ಇದು ನಂದು” ಎಂದಳು. “ಈಗ ಸರೋಯ್ತು ನೋಡು.”

ಮುಂದಿನ ಸಲ ಮನೆ ಬಂದಾಗ ಪಟ್ಟಿಯನ್ನು ಮತ್ತೆ ಒಂದರಿಂದ ಶುರು ಮಾಡದೆ ಹಿಂದಿನದಕ್ಕೆ ಮುಂದುವರಿಸಬಹುದು, ಹಾಗೆ ಒಂದು ಆಯ್ಕೆ ಇದೆ, ಒಂದೇ ಸಲ ಒತ್ತಿದರಾಯಿತು ಎಂದು ಅವಳಿಗೆ ಹೇಳಬೇಕೆಂದು ದೀಪಶ್ರೀಯ ಬಾಯಿಗೆ ಬಂತು. ಆ ಒತ್ತುವ ಬೆರಳು ತನ್ನದೇ ಆದರೂ, ಒತ್ತು ಎನ್ನಬೇಕಾದವರು ಬೇರೆ. ಮತ್ತೆ ಕೊಳಗ ತರುತ್ತಾರೆ, ಮತ್ತೆ ಚೀಟಿ ಹಾಕುತ್ತಾರೆ. ದೀಪಶ್ರೀ ಗಾಜನ್ನು ಮತ್ತೆ ಕೂರಿಸಿದಳು. ಮುದುಕಿ ಚಪ್ಪಲಿ ಮೆಟ್ಟಿಕೊಂಡು, ದಾರಿಯಲ್ಲಿ ನಟರಾಜುವಿಗೆ ನೀರಿನ ವಿಷಯ ಇನ್ನೊಂದು ಸಲ ನೆನಪಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮೇಲಿನ ಬೀದಿಗೆ ಹೊರಟಳು. ಸರಿಯಾಗಿ ನೋಡಿದರೆ ಅವಳು ಗೆದ್ದವಳ ಹಾಗೆಯೇ ನಡೆಯುತ್ತಿದ್ದಳು.

ತಿದ್ದಿದ ಪಟ್ಟಿ ಮೂರು ಗಂಟೆಯ ಬಸ್ಸಿಗೆ ಹನೂರಿಗೆ ಹೋಯಿತು. ಅದರಲ್ಲಿ ಒಂಬತ್ತು ಪುಟ್ಟಮಾದಯ್ಯ, ಇಪ್ಪತ್ತೊಂದು ಚಿಕ್ಕನಿಂಗಮ್ಮ. ಆ ವರ್ಷ ಮಂಜೂರಾದದ್ದು ಇಪ್ಪತ್ತು ಮನೆ.